ಕೀಳದೆ ಬಿಟ್ಟ ಗಿಡ

ಗಮ್ಸರಿನಲ್ಲಿ ಗುಲಾಬಿಯನ್ನು ನೋಡಿದವರು ಯಾರೂ ಇಲ್ಲ. ಹೀಗೆಂದರೆ ಕೆಳಗಿನ ಕಾಶಾನ್ ಪೇಟೆಯವರು ನಗುತ್ತಾರೆ. ಬೆಟ್ಟದ ಬುಡದಿಂದ ಮನೆಯ ಹಿತ್ತಿಲವರೆಗೆ ಗುಲಾಬಿಯೇ ತುಂಬಿರುವ ಊರಿನವರು ಗುಲಾಬಿ ನೋಡಿಲ್ಲವೆಂದರೆ ಯಾರಾದರೂ ನಂಬುವ ಮಾತೇ? ಆದರೆ ನಿಜ. ಗಮ್ಸರಿನವರು ಹೂ ಕೀಳುತ್ತಾರೆ, ಮಡಿಲು ತುಂಬುತ್ತಾರೆ, ಮೂಟೆ ಕಟ್ಟುತ್ತಾರೆ, ತಾಮ್ರದ ಹಂಡೆಗೆ ಸುರಿದು ಕುದಿಸಿ ಪನ್ನೀರು ಇಳಿಸುತ್ತಾರೆ. ಬಿಸಿಲು ಬಿದ್ದರೆ ಹೂವಿನ ಘಮ ಹಾರಿಹೋಗುತ್ತದೆ. ಅದಕ್ಕೇ ಬೆಳಕು ಹರಿಯುವ ಮುನ್ನ ತೋಟಕ್ಕೆ ಇಳಿದು, ಸೂರ್ಯ ಬೆಟ್ಟದ ಮೇಲೆ ಬರುವಷ್ಟರಲ್ಲಿ ಗಿಡಗಳನ್ನು ಬರಿದು ಮಾಡಿ ಮನೆ ಸೇರುತ್ತಾರೆ. ಮಬ್ಬುಗತ್ತಲಲ್ಲಿ ಕೈಗೆ ಸಿಕ್ಕಿದ್ದನ್ನು ಕಿತ್ತವರಿಗೆ ಹೂವಿನ ಮುಖ ಎಲ್ಲಿಂದ ಕಾಣಬೇಕು?

ತೂರಾನ್ ಕೂಡ ಹಾಗೆ ಕಿತ್ತವಳೇ. ಮದುವೆಯಾಗಿ ಈ ಮನೆಗೆ ಕಾಲಿಟ್ಟ ವಸಂತದಿಂದ ಅರವತ್ತು ದಾಟುವವರೆಗೆ ಒಂದು ವರ್ಷವೂ ತಪ್ಪಿಸದೆ ಕಿತ್ತಳು. ಅವಳೇನಾದರೂ ಒಂದು ಗಿಡದ ಮುಂದೆ ಉಸಿರು ಬಿಡಲು ನಿಂತರೆ ಗಂಡ ನುಸ್ರತ್ ಬಟ್ಟಿಯ ಮನೆಯ ಬಾಗಿಲಿನಿಂದಲೇ ಕೂಗುತ್ತಿದ್ದ: "ಕೈ ಆಡಿಸೇ, ಕೈ! ಬಿಸಿಲು ಏರ್ತಾ ಇದೆ." ಕೆಟ್ಟ ಗಂಡಸೇನಲ್ಲ. ಚಳಿಗಾಲದಲ್ಲಿ ಅವಳ ಕಾಲಿಗೆ ತಾನೇ ಎಣ್ಣೆ ತಿಕ್ಕಿದವನು, ಮಗಳು ಹುಟ್ಟಿದಾಗ ಊರಿಗೆಲ್ಲ ಸಿಹಿ ಹಂಚಿದವನು. ಹೂವಿನ ಕಾಲ ಬಂತೆಂದರೆ ಮಾತ್ರ ಅವನ ಕಣ್ಣಿಗೆ ಹೆಂಡತಿ ಕಾಣುತ್ತಿರಲಿಲ್ಲ, ಎರಡು ಕೈ ಕಾಣುತ್ತಿದ್ದವು.

ಹೋದ ವರ್ಷ ಹೂವಿನ ಕಾಲ ಮುಗಿಯುತ್ತ ಬಂದಾಗ ನುಸ್ರತ್ ಹಂಡೆಯ ಪಕ್ಕ ಎದೆ ಹಿಡಿದುಕೊಂಡು ಕೂತ. ತೂರಾನ್ ತೋಟದ ಆ ತುದಿಯಲ್ಲಿದ್ದಳು. ಯಾರೋ ಕೂಗಿದ್ದು ಕೇಳಿಸಿತು. ಕೈ ಆಡಿಸು ಎಂದಿರಬೇಕು ಅಂದುಕೊಂಡು ಇನ್ನೂ ಜೋರಾಗಿ ಕೈ ಆಡಿಸಿದಳು. ಆ ಸಾಲು ಮುಗಿಸಿ, ಮೂಟೆ ಹೊತ್ತು ಮನೆಗೆ ಬಂದಾಗ ಅವನ ಮುಖಕ್ಕೆ ಬಟ್ಟೆ ಮುಚ್ಚಿಯಾಗಿತ್ತು.

ಇದನ್ನು ಅವಳು ಯಾರಿಗೂ ಹೇಳಿಕೊಳ್ಳಲಿಲ್ಲ. ಕಪ್ಪು ಉಟ್ಟಳು. ಕಪ್ಪು ನಿಲುವಂಗಿ, ಕಪ್ಪು ತಲೆವಸ್ತ್ರ, ಗಂಡನ ಹೆಣದ ಹಿಂದೆ ನಡೆಯುವಾಗ ಹೊದ್ದ ಕಪ್ಪು ಚಾದರ.

ನಮ್ಮಲ್ಲಿ ದುಃಖದ ಕಪ್ಪನ್ನು ಉಟ್ಟವರೇ ಕಳಚುವಂತಿಲ್ಲ. ಮನೆತನದ ಹಿರಿಯರು ಬಣ್ಣದ ಬಟ್ಟೆ ತಂದು ಹೊದಿಸಿ, 'ಸಾಕು, ಇನ್ನು ಎದ್ದೇಳು' ಅನ್ನಬೇಕು. ಆ ಮನೆತನದಲ್ಲಿ ಹಿರಿಯಳು ಅಂದರೆ ನುಸ್ರತ್‌ನ ಅಕ್ಕ ಇಸ್ಮತ್. ಎಪ್ಪತ್ತು ದಾಟಿದ್ದರೂ ಬೆನ್ನು ನೆಟ್ಟಗೆ, ನಾಲಿಗೆ ಅದಕ್ಕಿಂತ ನೆಟ್ಟಗೆ. ತೋಟ ಅವಳ ತಂದೆ ಮಾಡಿದ್ದು. ತಮ್ಮ ಹೋದ ಮೇಲೆ ಬಟ್ಟಿಯ ಕೆಲಸ ಅವಳ ಒಬ್ಬನೇ ಮಗ ರಹೀಮನ ಕೈಗೆ ಬಂತು, ಯಜಮಾನಿಕೆ ಅವಳ ಕೈಗೆ.

ನೌರೂಜ್ ಹಬ್ಬಕ್ಕೆ ತೂರಾನಳ ಮಗಳು ಶುಹ್ರೆ ಕಾಶಾನಿನಿಂದ ಬಂದಳು. ತಾಯಿಗೆ ನೀಲಿ ತಲೆವಸ್ತ್ರ ತಂದಿದ್ದಳು. ಹೊಸ ವರ್ಷದ ದಿನವೂ ಅಮ್ಮ ಕಪ್ಪಿನಲ್ಲಿ ಕೂತಿರುವುದು ನೋಡಲಾಗದೆ, ಹಿಂದಿನಿಂದ ಬಂದು ಅವಳ ಚಾದರಕ್ಕೆ ಕೈ ಹಾಕಿದಳಷ್ಟೆ. ಇಸ್ಮತ್ ಟೀ ಲೋಟ ಕುಕ್ಕಿದಳು.

"ಕೈ ತೆಗಿ! ವರ್ಷ ತುಂಬಿಲ್ಲ ಇನ್ನೂ. ದುಃಖದವಳ ಮೈಮೇಲಿನ ಕಪ್ಪನ್ನ ಹೊತ್ತಿಗೆ ಮುಂಚೆ ಯಾರ ಕೈ ಎಳೆಯುತ್ತೋ, ಆ ಕೈಯವರ ಮನೆಗೇ ಕಪ್ಪು ಬರುತ್ತೆ. ನಮ್ಮಜ್ಜಿ ಕಾಲದಿಂದ ಬಂದ ಮಾತು ಇದು. ನಿನ್ನ ಮನೇಲಿ ಗಂಡ ಮಕ್ಕಳು ಚೆನ್ನಾಗಿರೋದು ಬೇಡ್ವಾ ನಿನಗೆ?"

"ಅತ್ತೆ, ಹಬ್ಬ ಅಲ್ವಾ..."

"ಹಬ್ಬ ಬಂತು ಅಂತ ಸತ್ತವರು ಎದ್ದು ಬರ್ತಾರಾ? ವರ್ಷ ತುಂಬಲಿ. ನಾನೇ ತೆಗೀತೀನಿ."

ಶುಹ್ರೆ ಕೈ ಹಿಂದೆಗೆದಳು. ಮಾತು ಮಾತ್ರ ತೂರಾನಳ ಕಿವಿಯಲ್ಲಿ ಉಳಿಯಿತು. ಎಲ್ಲ ಮಾತೂ ಎಂದಾದರೊಂದು ದಿನ ಕೆಲಸಕ್ಕೆ ಬರುತ್ತದೆ.

ಕ್ಯಾಮೆರಾ ಬಂದದ್ದು ಅದಕ್ಕೂ ಸ್ವಲ್ಪ ಮುಂಚೆ, ಚಳಿಗಾಲದ ಕೊನೆಗೆ. ಶುಹ್ರೆ ತಾನು ಬಳಸದೆ ಮೂಲೆಗೆ ಹಾಕಿದ್ದ ಸಣ್ಣ ಡಿಜಿಟಲ್ ಕ್ಯಾಮೆರಾವನ್ನು ತಾಯಿಯ ಮಡಿಲಿಗೆ ಹಾಕಿ, "ಸುಮ್ನೆ ಗೋಡೆ ನೋಡ್ತಾ ಕೂರ್ಬೇಡಮ್ಮ. ಕಾಶಾನಿನ ಸಂಸ್ಕೃತಿ ಭವನದಲ್ಲಿ ಹೂವಿನ ಫೋಟೋ ತೆಗೆಯೋದು ಹೇಳಿಕೊಡ್ತಾರಂತೆ. ಎಲ್ಲಾ ನಿನ್ನ ವಯಸ್ಸಿನವರೇ," ಎಂದಳು. ತೂರಾನ್ ಹೋದದ್ದು ಫೋಟೋದ ಆಸೆಗಲ್ಲ. ಮಂಗಳವಾರಕ್ಕೊಮ್ಮೆ ಇಸ್ಮತ್‌ಳ ಕಣ್ಣಿನಿಂದ ದೂರ, ಬಾಡಿಗೆ ಕಾರಿನ ಕಿಟಕಿ ಪಕ್ಕ ಕೂತು ಬೆಟ್ಟ ಇಳಿಯಬಹುದಲ್ಲ, ಅದಕ್ಕೆ.

ಹೇಳಿಕೊಡುತ್ತಿದ್ದವನು ಪೈವಂದಿ ಎಂಬ ಸಣಕಲ ಗಂಡಸು. ಕೆಮ್ಮು ಜಾಸ್ತಿ, ತಾಳ್ಮೆಯೂ ಜಾಸ್ತಿ. ಮೊದಲ ವಾರ ಎಲ್ಲರಿಗೂ ಮನೆಯ ಹೂವಿನ ಚಿತ್ರ ತರಲು ಹೇಳಿದ. ತೂರಾನ್ ಕಿಟಕಿಯ ಮೇಲಿನ ಜೆರೇನಿಯಂ ಕುಂಡಗಳ ಚಿತ್ರ ತೆಗೆದುಕೊಂಡು ಹೋದಳು. ಪೈವಂದಿ ಒಂದೊಂದಾಗಿ ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದ. ಮೊದಲ ಚಿತ್ರದಲ್ಲಿ ಬರೀ ತೊಟ್ಟು. ಎರಡನೆಯದರಲ್ಲಿ ತೊಟ್ಟು ಮತ್ತು ಮುಷ್ಟಿ. ಮೂರನೆಯದರಲ್ಲಿ ಬರೀ ಮುಷ್ಟಿ.

"ತೂರಾನ್ ಖಾನುಮ್, ಹೂ ಎಲ್ಲಿ?"

"ಕೈಯಲ್ಲಿದೆ."

"ಗಿಡದ ಮೇಲೆ ಇರೋವಾಗ ತೆಗೀಬೇಕಲ್ವಾ?"

"ಅಷ್ಟೊತ್ತಿಗೆ ಕೈಗೆ ಬಂದುಬಿಟ್ಟಿತ್ತು."

ಇಡೀ ಕೋಣೆ ನಕ್ಕಿತು. ನಿವೃತ್ತ ಬ್ಯಾಂಕ್ ಗುಮಾಸ್ತನೊಬ್ಬ ಕಣ್ಣೊರೆಸಿಕೊಂಡು, "ಗಮ್ಸರಿನವರು ಸ್ವರ್ಗಕ್ಕೆ ಹೋದ್ರೂ ಮೊದಲು ಕೇಳೋದು ಮೂಟೆ ಎಲ್ಲಿ ಅಂತ," ಎಂದ. ತೂರಾನಳಿಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಅವನ ಮೇಲಲ್ಲ, ತನ್ನ ಎಡಗೈ ಮೇಲೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವುದು ಇದಕ್ಕೇ. ಬಲಗೈ ಕ್ಯಾಮೆರಾ ಎತ್ತುವುದರೊಳಗೆ ಎಡಗೈ ತಾನಾಗಿ ಮುಂದೆ ಹೋಗಿ, ಹೆಬ್ಬೆರಳಿನಿಂದ ತೊಟ್ಟು ಮುರಿದು ಮುಗಿಸಿರುತ್ತಿತ್ತು. ಯಾರೂ ಕೂಗದಿದ್ದರೂ ಕೈ ಆಡುತ್ತಿತ್ತು.

ಬಾದಾಮಿ ಹೂ ಬಿಟ್ಟಾಗಲೂ ಅದೇ ಕಥೆ. ಕಡೆಗೆ ಒಂದು ದಿನ ತೋಟದ ಬಾದಾಮಿ ಮರದ ಕೆಳಗೆ ರೋಸಿಹೋಗಿ, "ನಿನ್ನ ಮನೆ ಹಾಳಾಗ, ಕೂತ್ಕೋ ಇಲ್ಲಿ," ಎಂದು ತನ್ನ ಎಡಗೈಯನ್ನು ಚಾದರದೊಳಗೆ ಸುತ್ತಿ ಕಟ್ಟಿದಳು. ಸುತ್ತಿದ ಕೈಯಿಂದ ಚಾದರದ ಅಂಚು ಇಳಿದು ಹೂವಿನ ಕೊಂಬೆಯ ಹಿಂದೆ ಹರಡಿತು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಅಲ್ಲಿಯವರೆಗೆ ಹೂವಿನ ಜೊತೆ ಗೊಬ್ಬರದ ಚೀಲ, ಪ್ಲಾಸ್ಟಿಕ್ ಕ್ಯಾನು, ರಹೀಮನ ಮೋಟಾರ್ ಬೈಕು ಎಲ್ಲ ಸೇರಿಕೊಂಡಿದ್ದವು. ಈಗ ಎಲ್ಲವೂ ಮಾಯ. ಕಪ್ಪು, ಮತ್ತು ಅದರ ಮುಂದೆ ಐದು ಎಸಳಿನ ಒಂದೇ ಒಂದು ಹೂ. ಅದರೊಳಗಿನ ನವಿರು ಗೆರೆಗಳು, ಕೇಸರಗಳ ತುದಿಯ ಹಳದಿ ಪುಡಿ, ಎಸಳಿನ ಬುಡದ ಕೆಂಪು. ತೂರಾನ್ ಉಸಿರು ಬಿಗಿಹಿಡಿದು ಗುಂಡಿ ಒತ್ತಿದಳು. ಆಮೇಲೆ ಅಲ್ಲೇ ಕೂತು ಆ ಚಿತ್ರವನ್ನು ನೋಡಿದಳು, ಮತ್ತೆ ನೋಡಿದಳು. ಬಾದಾಮಿಯ ಹೂ ಹೀಗಿರುತ್ತದೆ ಎಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಸಂತೋಷವಾಯಿತು. ಗಂಡ ಸತ್ತ ಮೇಲೆ ಮೊದಲ ಸಲ ಸಂತೋಷವಾಯಿತು, ಅದಕ್ಕಾಗಿ ಅವಳಿಗೆ ನಾಚಿಕೆ ಆಗಲೂ ಇಲ್ಲ.

ಮಂಗಳವಾರ ಪೈವಂದಿ ಆ ಚಿತ್ರದ ಮುಂದೆ ಕೆಮ್ಮುವುದನ್ನೂ ಮರೆತು ನಿಂತ. "ಈ ಕಪ್ಪು ಪರದೆ ಯಾವ ಸ್ಟುಡಿಯೋದು, ಖಾನುಮ್?"

"ನನ್ನ ಗಂಡ ಸತ್ತಾಗಿನದು," ಎಂದಳು ತೂರಾನ್.

ಆ ಸಲ ಯಾರೂ ನಗಲಿಲ್ಲ. ಬ್ಯಾಂಕ್ ಗುಮಾಸ್ತನೇ ಎದ್ದು ಅವಳಿಗೆ ಟೀ ತಂದುಕೊಟ್ಟ, ಸಕ್ಕರೆ ತುಂಡು ಎರಡು ಜಾಸ್ತಿ ಇಟ್ಟು.

ಗುಲಾಬಿ ಮೊಗ್ಗು ಕಟ್ಟುವ ಹೊತ್ತಿಗೆ ಪೈವಂದಿ ಹೊಸ ಪಾಠ ಕೊಟ್ಟ. "ನೂರು ಹೂವಿನ ಹಿಂದೆ ಓಡೋದು ಸಾಕು. ಎಲ್ಲರೂ ಒಂದೊಂದು ಗಿಡ ಹಿಡ್ಕೊಳ್ಳಿ. ಮೊಗ್ಗಿಂದ ಶುರು ಮಾಡಿ, ಎಸಳು ಉದುರೋವರೆಗೂ ಅದರ ಜೊತೆಗೇ ಇರಿ. ಅರ್ಧಕ್ಕೆ ಬಿಡೋ ಹಾಗಿಲ್ಲ. ಹೂವಿನ ಕಾಲ ಮುಗಿದ ಮೇಲೆ ಎಲ್ಲರ ಫೋಟೋನೂ ಇಲ್ಲೇ ಗೋಡೆಗೆ ಹಾಕೋಣ."

ಉಳಿದವರಿಗೆ ಇದೇನು ದೊಡ್ಡ ಮಾತಲ್ಲ. ತೂರಾನಳಿಗೆ ಮಾತ್ರ ಬೆಟ್ಟ ಹತ್ತುವ ಕಾರಿನಲ್ಲಿ ಅದೇ ಯೋಚನೆ. ಎಸಳು ಉದುರುವವರೆಗೂ? ಗುಲಾಬಿಯ ಎಸಳು ಉದುರುವುದನ್ನು ತಾನು ಎಂದಾದರೂ ಕಂಡದ್ದುಂಟೇ? ಇಲ್ಲ. ಗಮ್ಸರಿನಲ್ಲಿ ಯಾವ ಗುಲಾಬಿಗೂ ಗಿಡದ ಮೇಲೆ ಸಾಯುವ ಭಾಗ್ಯ ಇಲ್ಲ. ಗುಲಾಬಿಯ ನಡುವೆ ಹುಟ್ಟಿ, ಗುಲಾಬಿಯ ನಡುವೆ ತಲೆ ಹಣ್ಣಾದವಳಿಗೆ ಗುಲಾಬಿ ಹೇಗೆ ಸಾಯುತ್ತದೆಂದು ಗೊತ್ತಿಲ್ಲ. ಗಂಡ ಹೇಗೆ ಸತ್ತನೆಂದೂ ಗೊತ್ತಿಲ್ಲ. ಎರಡೂ ಹೊತ್ತಿನಲ್ಲಿ ಅವಳು ಕೈ ಆಡಿಸುತ್ತಿದ್ದಳು. ಈ ಸಲ ಒಂದನ್ನಾದರೂ ಕೊನೆಯವರೆಗೆ ನೋಡಿಯೇ ತೀರುತ್ತೇನೆ ಎಂದು ಅವಳು ಕಾರಿನಲ್ಲೇ ನಿಶ್ಚಯ ಮಾಡಿದಳು. ಒಂದು ಗಿಡ. ಅಷ್ಟೇ ಬೇಕಾದದ್ದು.

ನೀರುಕಾಲುವೆಯ ಪಕ್ಕ, ಆಕ್ರೋಟ ಮರದಿಂದ ಸ್ವಲ್ಪ ಆಚೆ, ಹಳೆಯ ಗಿಡವೊಂದಿತ್ತು. ಹೂವಿನ ಕಾಲ ಶುರುವಾದ ದಿನ ತೂರಾನ್ ರಹೀಮನಿಗೆ ಅದನ್ನು ತೋರಿಸಿದಳು. "ಇದೊಂದನ್ನ ಮುಟ್ಟಬೇಡ್ರಪ್ಪ. ಆಳುಗಳಿಗೂ ಹೇಳು."

"ಯಾಕೆ ಅತ್ತೆ, ಹುಳ ಬಿದ್ದಿದೆಯಾ?"

"ನಾನು ಬಿದ್ದಿದ್ದೀನಿ. ಫೋಟೋ ತೆಗೀಬೇಕು."

ರಹೀಮ್ ತಲೆ ಕೆರೆದುಕೊಂಡು ಆಳುಗಳಿಗೆ ಹೇಳಲು ಹೋದ. ಅವನು ಒಳ್ಳೆಯವನು, ಅಂದರೆ ತಾಯಿ ಎದುರಿಗಿಲ್ಲದಾಗ ಒಳ್ಳೆಯವನು. ಗಿಡ ಉಳಿಯಿತು. ಸುತ್ತಲಿನ ಸಾಲುಗಳೆಲ್ಲ ಬೋಳಾದ ಮೇಲೆ, ಬಿಸಿಲಿನಲ್ಲಿ ಅದೊಂದೇ ಗುಲಾಬಿ ಬಣ್ಣಕ್ಕೆ ನಿಂತಿತ್ತು. ಇಂಥದ್ದು ಊರಿನ ಕಣ್ಣಿಗೆ ಬೀಳದೆ ಇರುತ್ತದೆಯೇ? ನಮ್ಮಲ್ಲಿ ಕೀಳದ ಗಿಡವೆಂದರೆ ದೀಪ ಹಚ್ಚದ ಮನೆ. ವಂಶ ಮುಗಿದ ತೋಟದಲ್ಲಿ ಮಾತ್ರ ಹೂ ಗಿಡದಲ್ಲೇ ಬಾಡುತ್ತದೆ. ಸಂಜೆಗೆ ರೊಟ್ಟಿ ಅಂಗಡಿಯ ಸಾಲಿನಲ್ಲಿ ನಿಂತಾಗ ಹೆಂಗಸರು ಶುರು ಮಾಡಿದರು.

"ತೂರಾನ್, ನಿಮ್ಮ ಗಿಡಕ್ಕೆ ಜ್ವರ ಅಂತೆ? ಮುಟ್ಟಬಾರದಂತೆ?"

"ಅಯ್ಯೋ, ಅದು ಗಿಡ ಅಲ್ಲ ಕಣೇ, ಮದುಮಗಳು. ದಿನಾ ಫೋಟೋ ತೆಗೀತಾರೆ."

"ಅರವತ್ತಕ್ಕೆ ಅರಳು ಮರಳು ಅಂತಾರಲ್ಲ..."

"ಅರಳೋದು ಒಳ್ಳೇದೇ ಬಿಡು," ಎಂದಳು ತೂರಾನ್ ಬಿಸಿ ರೊಟ್ಟಿ ಮಡಚುತ್ತ. "ನೀನು ಇಪ್ಪತ್ತಕ್ಕೇ ಬಾಡಿದವಳು." ರೊಟ್ಟಿ ಮಾಡುವವನು ನಗು ತಡೆಯಲಾರದೆ ಒಲೆಯ ಕಡೆ ತಿರುಗಿಕೊಂಡ.

ಇಸ್ಮತ್ ಹಾಗೆ ಸುಲಭದ ಆಸಾಮಿಯಲ್ಲ. ಅವಳು ಅಂಗಳಕ್ಕೆ ಬಂದು, ಟೀ ಕಾಸುವ ಸಮಾವರ್ ಪಕ್ಕದ ಹಾಸಿನ ಮೇಲೆ ಕೂತು, ಟೀ ಬೇಡವೆಂದಳು. ಇಸ್ಮತ್ ಟೀ ಬೇಡವೆಂದರೆ ಅದು ಯುದ್ಧ.

"ಏನೇ ಇದು ನಾನು ಕೇಳ್ತಿರೋದು? ನನ್ನಪ್ಪ ನೆಟ್ಟ ಗಿಡದಲ್ಲಿ ಹೂ ಬಾಡಿಸ್ತಿದ್ದೀಯಂತೆ?"

"ಬಾಡಿಸ್ತಿಲ್ಲ ಅತ್ತಿಗೆ. ತಾನಾಗಿ ಎಷ್ಟು ದಿನ ಇರುತ್ತೋ ಇರಲಿ ಅಂತ ಬಿಟ್ಟಿದ್ದೀನಿ."

"ದೇವರು ಕೊಟ್ಟ ಹೂವನ್ನ ಮಣ್ಣಿಗೆ ಹಾಕೋದು ಪಾಪ."

"ದೇವರು ಹಂಡೆಗೇ ಹಾಕಿ ಅಂತ ಹೇಳಿಕಳಿಸಿದ್ನಾ?"

"ನಾಲಿಗೆ ಬಿಗಿ ಹಿಡಿ! ನನ್ನ ತಮ್ಮನ ಗೋರಿ ಮಣ್ಣು ಇನ್ನೂ ಒಣಗಿಲ್ಲ. ಅವನ ಹೆಣದ ಹಿಂದೆ ಹೊದ್ದ ಚಾದರನ ಹೂವಿಗೆ ಪರದೆ ಕಟ್ತೀಯಂತೆ. ಅವನು ಬದುಕಿದ್ದಿದ್ರೆ..."

"ಬದುಕಿದ್ದಿದ್ರೆ ಕೈ ಆಡಿಸೇ ಅಂತಿದ್ರು," ಎಂದಳು ತೂರಾನ್. "ನಾನೂ ಆಡಿಸ್ತಿದ್ದೆ. ಅಷ್ಟು ವರ್ಷ ಆಡಿಸಿದೀನಲ್ಲ ಅತ್ತಿಗೆ, ಯಾವತ್ತಾದ್ರೂ ಇಲ್ಲ ಅಂದಿದ್ದೀನಾ? ಇಡೀ ತೋಟ ನಿಮ್ಮದೇ. ಒಂದು ಗಿಡ ಕೇಳ್ದೆ."

ಇಸ್ಮತ್ ಎದ್ದು ನಿಂತಳು. ಮೊಣಕಾಲು ಹಿಡಿದುಕೊಂಡು ಏಳುವಾಗ ಅವಳ ಮುಖದಲ್ಲಿ ನೋವಿತ್ತು. ಅದು ಮೊಣಕಾಲಿನದೋ ತಮ್ಮನದೋ ಹೇಳಲಾಗದು. "ಕೇಳಿಸ್ಕೋ. ತಮ್ಮನ ವರ್ಷದ ದಿನ ಅವನ ಗೋರಿನ ಪನ್ನೀರಲ್ಲಿ ತೊಳೀಬೇಕು. ಒಂದು ಗಿಡವೂ ಬಿಡದೆ ಇಡೀ ತೋಟದ ಹೂವಿನ ಪನ್ನೀರು ಅದು. ಅಪ್ಪನ ಗೋರಿಗೂ ಹಾಗೇ ಮಾಡಿದ್ವಿ. ನಾಳೆ ಬೆಳಿಗ್ಗೆ ನಾನೇ ಬಂದು ಕೀಳ್ತೀನಿ. ಯಾವ ಫೋಟೋ ಅಡ್ಡ ಬರುತ್ತೋ ನೋಡ್ತೀನಿ."

ಅವಳು ಹೋದ ಮೇಲೆ ಶುಹ್ರೆಯ ಫೋನ್ ಬಂತು. ಸುದ್ದಿ ಆಗಲೇ ಬೆಟ್ಟ ಇಳಿದಿತ್ತು. "ಅಮ್ಮ, ಒಂದು ಗಿಡಕ್ಕೋಸ್ಕರ ಅತ್ತೆ ಹತ್ರ ಜಗಳ ಬೇಕಾ? ಇಲ್ಲಿ ಪಾರ್ಕಿನಲ್ಲಿ ಬೇಕಾದಷ್ಟು ಗುಲಾಬಿ ಇದೆ, ಯಾರೂ ಕೀಳಲ್ಲ. ಬಂದು ತೆಗಿ."

"ಪಾರ್ಕಿನ ಗುಲಾಬಿ ಯಾರದೋ, ನನಗೂ ಅದಕ್ಕೂ ಏನೇ ಸಂಬಂಧ?"

"ಅಯ್ಯೋ, ಹೂವಿಗೂ ನೆಂಟಸ್ತಿಕೆ ಹುಡುಕ್ತೀಯಲ್ಲಮ್ಮ. ಬಿಟ್ಟುಕೊಡು."

"ಇಲ್ಲಿವರೆಗೂ ಏನು ಮಾಡ್ದೆ ಅಂತ ತಿಳ್ಕೊಂಡಿದೀಯ? ಬಿಟ್ಟುಕೊಡೋದನ್ನೇ ಮಾಡಿದ್ದು," ಎಂದು ತೂರಾನ್ ಫೋನ್ ಇಟ್ಟಳು. ಹೆದರಿಕೆ ಇರಲಿಲ್ಲವೆಂದಲ್ಲ. ಈ ಮನೆಯಲ್ಲಿ ಇಸ್ಮತ್‌ಗೆ ಎದುರಾಡಿದವರು ಯಾರೂ ಇರಲಿಲ್ಲ, ನುಸ್ರತ್ ಕೂಡ.

ಮರುದಿನ ಇನ್ನೂ ಮಬ್ಬಿರುವಾಗಲೇ ಇಸ್ಮತ್ ಬಂದಳು. ಸೊಂಟಕ್ಕೆ ಹೂ ತುಂಬುವ ಬಟ್ಟೆ ಬಿಗಿದಿದ್ದಳು. ಹಿಂದೆ ರಹೀಮ್, ಅವನ ಹಿಂದೆ ನಾಲ್ಕಾರು ಆಳುಗಳು, ಅವರ ಹಿಂದೆ ತಮಾಷೆ ನೋಡಲು ಬಂದ ಪಕ್ಕದ ತೋಟದ ಹೆಂಗಸರು. ಕಾಲುವೆಯ ಹತ್ತಿರ ಬಂದು ಎಲ್ಲರೂ ನಿಂತರು.

ಗಿಡ ಕಾಣಲಿಲ್ಲ. ಗಿಡ ಇರಬೇಕಾದ ಜಾಗದಲ್ಲಿ ಕಪ್ಪು ಗುಪ್ಪೆಯೊಂದಿತ್ತು. ತೂರಾನ್ ತನ್ನ ಚಾದರವನ್ನು ತೆಗೆದು ಗಿಡಕ್ಕೆ ಹೊದಿಸಿ, ಕಪ್ಪು ನಿಲುವಂಗಿ ಮತ್ತು ತಲೆವಸ್ತ್ರದಲ್ಲಿ ಪಕ್ಕದ ಕಲ್ಲಿನ ಮೇಲೆ ಕೂತಿದ್ದಳು. ಚಳಿಗೆ ಮೂಗಿನ ತುದಿ ಕೆಂಪಾಗಿತ್ತು.

"ತೆಗಿಯೇ ಅದನ್ನ," ಎಂದಳು ಇಸ್ಮತ್.

"ನಾನು ತೆಗಿಯಲ್ಲ."

"ರಹೀಮ್, ತೆಗಿಯೋ."

ರಹೀಮ್ ಒಂದು ಹೆಜ್ಜೆ ಮುಂದಿಟ್ಟ.

"ತೆಗಿಯಪ್ಪ," ಎಂದಳು ತೂರಾನ್. ದನಿ ಎತ್ತರಿಸಲಿಲ್ಲ. "ಆದ್ರೆ ಒಂದು ಮಾತು. ಅದು ದುಃಖದ ಕಪ್ಪು. ವರ್ಷ ತುಂಬಿಲ್ಲ. ಹೊತ್ತಿಗೆ ಮುಂಚೆ ಯಾರ ಕೈ ಎಳೆಯುತ್ತೋ ಆ ಕೈಯವರ ಮನೆಗೇ ಕಪ್ಪು ಬರುತ್ತೆ. ನಾನು ಹೇಳಿದ್ದಲ್ಲ. ನಿಮ್ಮಮ್ಮ ಹೇಳಿದ್ದು, ನೌರೂಜ್ ದಿನ, ಎಲ್ಲರೆದುರಿಗೆ."

ರಹೀಮನ ಕೈ ಗಾಳಿಯಲ್ಲೇ ನಿಂತಿತು. ಅವನಿಗೆ ಇಬ್ಬರು ಪುಟ್ಟ ಮಕ್ಕಳು. ಅವನು ತಾಯಿಯ ಮುಖ ನೋಡಿದ. ತಾಯಿಯ ಮುಖ ಬಿಳಿಚಿತ್ತು.

"ಅದು... ಅದು ಮೈಮೇಲೆ ಇರೋ ಕಪ್ಪಿಗೆ ಹೇಳಿದ ಮಾತು!" ಎಂದಳು ಇಸ್ಮತ್. "ಗಿಡಕ್ಕಲ್ಲ!"

"ನನಗಿಂತ ಮುಂಚೆ ಈ ಗಿಡ ನಿಮ್ಮ ತಮ್ಮನ ಕೈ ಕಂಡಿತ್ತು, ಅತ್ತಿಗೆ. ಅದಕ್ಕೂ ದುಃಖ ಇರಬಾರದಾ? ಇಲ್ಲ ಅಂತೀರಾ, ಸರಿ. ನಿಮ್ಮ ಕೈಯಾರೆ ಎಳೀರಿ. ನಾನು ತಡಿಯಲ್ಲ."

ಎಳೆಯಬಹುದಿತ್ತು. ಎರಡೇ ಹೆಜ್ಜೆ. ಇಸ್ಮತ್ ಮಗನನ್ನು ಒಮ್ಮೆ ನೋಡಿದಳು, ಕಪ್ಪು ಗುಪ್ಪೆಯನ್ನು ಒಮ್ಮೆ ನೋಡಿದಳು. ಬಾಯಲ್ಲಿ ಏನೋ ಪ್ರಾರ್ಥನೆ ಗೊಣಗಿ, ಕೆಡುಕು ತಟ್ಟದಿರಲೆಂದು ಅಂಗಿಯ ಕುತ್ತಿಗೆಗೆ ಉಫ್ ಎಂದು ಊದಿಕೊಂಡು, ಸರಕ್ಕನೆ ತಿರುಗಿದಳು.

"ಏನ್ ನೋಡ್ತಾ ನಿಂತಿದ್ದೀರಿ? ಉಳಿದ ಸಾಲು ಯಾರಪ್ಪ ಕೀಳ್ತಾನೆ? ಕೈ ಆಡಿಸಿ!"

ತೂರಾನ್ ಗೆದ್ದಳು. ಗೆದ್ದವಳು ಬಿಸಿಲೇರಿ ಕೊನೆಯ ಮೂಟೆ ಹೋಗುವವರೆಗೂ ಆ ಕಲ್ಲು ಬಿಟ್ಟು ಏಳಲಿಲ್ಲ.

ಅಂದಿನಿಂದ ದಿನವೂ ಅದೇ ಕ್ರಮ. ಮಬ್ಬಿನಲ್ಲಿ ಬಂದು ಗಿಡಕ್ಕೆ ಕಪ್ಪು ಹೊದಿಸುವುದು. ಬಿಸಿಲೇರಿ ಆಳುಗಳು ಮೂಟೆ ಹೊತ್ತು ಹೋದ ಮೇಲೆ, ತನ್ನ ಮನೆಗೆ ಕಪ್ಪು ಆಗಲೇ ಬಂದಾಗಿದೆ ಎಂದುಕೊಂಡು ತಾನೇ ತೆಗೆದು, ಅದೇ ಚಾದರವನ್ನು ಹೂವಿನ ಹಿಂದೆ ಹಿಡಿದು ಚಿತ್ರ ತೆಗೆಯುವುದು. ಎಡಗೈ ಈಗ ಚಾದರ ಹಿಡಿಯುವ ಕೆಲಸಕ್ಕೆ ಒಗ್ಗಿ, ಕೀಳುವುದನ್ನು ಮರೆಯತೊಡಗಿತ್ತು. ಮೊಗ್ಗಿನ ಹಸಿರು ಕುಪ್ಪಸ ಬಿರಿಯುವುದನ್ನು ನೋಡಿದಳು. ಜೇನು ಒಳಗೆ ಹೊಕ್ಕು ಹಳದಿ ಪುಡಿ ಮೆತ್ತಿಕೊಂಡು ಹೊರಬರುವುದನ್ನು ನೋಡಿದಳು. ಬಿಸಿಲಿಗೆ ಹೂವಿನ ಬಣ್ಣ ಗಳಿಗೆಗಳಿಗೆಗೂ ತೆಳುವಾಗುವುದನ್ನು ನೋಡಿದಳು. ಅರ್ಧಕ್ಕರ್ಧ ಚಿತ್ರ ಮಸುಕಾಗಿ ಬಂದವು. ಬಂದರೆ ಬರಲಿ ಎಂದು ಮತ್ತೆ ತೆಗೆದಳು.

ಒಂದು ಬಿಸಿಲು ಹೊತ್ತಿನಲ್ಲಿ, ಗಾಳಿ ಒಂದಿಷ್ಟೂ ಇಲ್ಲದಾಗ, ಅವಳು ನೋಡುತ್ತಿದ್ದ ಹೂವಿನ ಒಂದು ಎಸಳು ತಾನಾಗಿ ಕಳಚಿತು. ಯಾರೂ ಮುಟ್ಟಲಿಲ್ಲ. ಮತ್ತೊಂದು. ಆಮೇಲೆ ಉಳಿದದ್ದೆಲ್ಲ ಒಟ್ಟಿಗೆ, ಸದ್ದಿಲ್ಲದೆ. ಇಷ್ಟೇ? ಕ್ಯಾಮೆರಾ ಕೈಯಲ್ಲೇ ಇತ್ತು, ಗುಂಡಿ ಒತ್ತಲು ಮರೆತಳು. ಅಷ್ಟು ಮೆತ್ತಗೆ ಹೋಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ನುಸ್ರತ್ ಕೂಡ ಹೀಗೆ ಹೋದನೋ, ಅಥವಾ ಅವಳ ಹೆಸರು ಹಿಡಿದು ಕೂಗಿ ಕೂಗಿ ಹೋದನೋ? ತೂರಾನ್ ಮಣ್ಣಿನ ಮೇಲೆ ಕೂತು ಗಟ್ಟಿಯಾಗಿ ಅತ್ತಳು. ಹೋದ ವರ್ಷ ಜನರ ನಡುವೆ ಬಾರದ ಅಳು ಈಗ ಬಂತು. ಅತ್ತು, ಮೂಗು ಒರೆಸಿಕೊಂಡು, ಪಕ್ಕದ ಹೂವಿನ ಮುಂದೆ ಹೋಗಿ ಕಾದು ಕೂತಳು. ಅದು ಉದುರುವಾಗ ಮರೆಯದೆ ಗುಂಡಿ ಒತ್ತಿದಳು.

ವರ್ಷದ ದಿನ ಬಂತು. ಅಂಗಳದಲ್ಲಿ ಹಲ್ವಾದ ತಟ್ಟೆ, ಖರ್ಜೂರದ ತಟ್ಟೆ, ಕಾಶಾನಿನಿಂದ ಶುಹ್ರೆ, ಊರಿನ ಹೆಂಗಸರೆಲ್ಲ. ಗೋರಿ ತೊಳೆಯುವ ಪನ್ನೀರಿನ ಹೂಜಿ ಬಾಗಿಲ ಬಳಿ ಸಿದ್ಧವಾಗಿತ್ತು. ಇಸ್ಮತ್ ಕಂಕುಳಲ್ಲಿ ಗಂಟು ಹಿಡಿದು ಬಂದಳು. ಅದರಲ್ಲಿ ಬಣ್ಣದ ನಿಲುವಂಗಿ, ಶುಹ್ರೆ ಹಬ್ಬಕ್ಕೆ ತಂದಿದ್ದ ನೀಲಿ ತಲೆವಸ್ತ್ರ, ಸಣ್ಣ ಹೂವಿನ ತಿಳಿಬಣ್ಣದ ಚಾದರ. ಎಷ್ಟು ಕೋಪವಿದ್ದರೂ ಹಿರಿಯಳ ಕೆಲಸ ಹಿರಿಯಳೇ ಮಾಡಬೇಕು. ಅವಳು ತೂರಾನಳನ್ನು ಒಳಗೆ ಕರೆದೊಯ್ದು ನಿಲುವಂಗಿ ಬದಲಿಸಿ ತಂದು, ತಲೆಯ ಕಪ್ಪು ವಸ್ತ್ರ ಬಿಚ್ಚಿ ನೀಲಿಯದನ್ನು ಕಟ್ಟಿದಳು. ಹೆಂಗಸರು ಮೆಲ್ಲಗೆ ಹಾಡಿದಂತೆ ಹರಸಿದರು. ಆಮೇಲೆ ಇಸ್ಮತ್ ಸುತ್ತ ನೋಡಿದಳು.

"ಚಾದರ ಎಲ್ಲಿ?"

"ತೋಟದಲ್ಲಿದೆ, ಅತ್ತಿಗೆ. ಗಿಡದ ಮೇಲೆ. ಅದನ್ನೂ ನೀವೇ ಬಂದು ತೆಗೀಬೇಕು."

ಇಸ್ಮತ್ ಹಲ್ಲು ಕಚ್ಚಿದಳು. ಆದರೆ ಅರ್ಧ ಕಪ್ಪು ತೆಗೆದು ಅರ್ಧ ಬಿಡುವಂತಿಲ್ಲ, ಎಲ್ಲರೂ ನೋಡುತ್ತಿದ್ದರು. ಮುಂದೆ ಇಸ್ಮತ್, ಹಿಂದೆ ತೂರಾನ್, ಅವರ ಹಿಂದೆ ಹೆಂಗಸರ ದಂಡು, ಬೋಳು ಸಾಲುಗಳ ನಡುವೆ ಕಾಲುವೆಯವರೆಗೆ ನಡೆದರು. ಇಸ್ಮತ್ ಎರಡೂ ಕೈಯಿಂದ ಕಪ್ಪು ಚಾದರದ ಅಂಚು ಹಿಡಿದು ಎತ್ತಿದಳು.

ಕೆಳಗೆ ಮಣ್ಣು ಕಾಣದಷ್ಟು ಎಸಳು. ಒಣಗಿದ ಹಳೆಯವು, ಅವುಗಳ ಮೇಲೆ ನಿನ್ನೆಯವು. ಹೂವಿದ್ದ ಕಡೆಗಳಲ್ಲಿ ಹಸಿರು ಕಾಯಿ ಹಿಡಿದಿದ್ದವು. ಎಪ್ಪತ್ತು ವರ್ಷ ಆ ತೋಟದಲ್ಲಿ ಓಡಾಡಿದ ಇಸ್ಮತ್ ತನ್ನ ತಂದೆ ನೆಟ್ಟ ಗಿಡ ಕಾಯಿ ಕಟ್ಟಿದ್ದನ್ನು ಕಂಡವಳಲ್ಲ. ಗಿಡದ ತುದಿಯಲ್ಲಿ, ಎಲ್ಲಕ್ಕಿಂತ ತಡವಾಗಿ, ಅಂದು ಬೆಳಿಗ್ಗೆ ಅರಳಿದ ಒಂದೇ ಒಂದು ಹೂವಿತ್ತು. ಇಸ್ಮತ್‌ಳ ಎಡಗೈಯಿಂದ ಚಾದರ ಜಾರಿತು. ಕೈ ತಾನಾಗಿ ಮುಂದೆ ಹೋಯಿತು. ಹೆಬ್ಬೆರಳು ತೊಟ್ಟಿನ ಕೆಳಗೆ ಬಂತು.

"ಕೈ!" ಎಂದು ತೂರಾನ್ ಕೂಗಿದಳು, ತೋಟದ ಆ ತುದಿಗೂ ಕೇಳುವಂತೆ. "ಕೈ ನಿಲ್ಲಿಸಿ ಅತ್ತಿಗೆ, ಕೈ!"

ಆ ತೋಟದಲ್ಲಿ ಕೈ ನಿಲ್ಲಿಸು ಎಂದು ಯಾರೂ ಕೂಗಿದ್ದಿಲ್ಲ. ಇಸ್ಮತ್‌ಳ ಕೈ ಹೂವಿನಿಂದ ಒಂದು ಬೆರಳಿನಷ್ಟು ದೂರದಲ್ಲಿ ನಿಂತಿತು. ಸುಕ್ಕು ಚರ್ಮ, ಮುಳ್ಳು ಗೀರಿದ ಹಳೆಯ ಗೆರೆಗಳು, ಅದರ ಮುಂದೆ ಕೀಳಿಸಿಕೊಳ್ಳದ ಹೂ, ಹಿಂದೆ ಅವಳ ಬಲಗೈಯಲ್ಲಿ ಇನ್ನೂ ಜೋತಾಡುತ್ತಿದ್ದ ಕಪ್ಪು. ತೂರಾನ್ ಗುಂಡಿ ಒತ್ತಿದಳು. ಕಾಶಾನಿನ ಗೋಡೆಯ ಮೇಲೆ ಆಮೇಲೆ ನಡುವಿಗೆ ಹಾಕಿದ್ದು ಇದೇ ಚಿತ್ರವನ್ನು. ಪೈವಂದಿ ಅದರ ಮುಂದೆಯೂ ಕೆಮ್ಮಲಿಲ್ಲವಂತೆ.

ಇಸ್ಮತ್ ಕೈಯನ್ನು ಮೆಲ್ಲಗೆ ಹಿಂದೆ ತೆಗೆದುಕೊಂಡಳು. ಹೂ ಉಳಿಯಿತು. ಕಪ್ಪು ಚಾದರವನ್ನು ಮುದ್ದೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡು, "ಇದನ್ನ ಯಾರಿಗಾದ್ರೂ ದಾನ ಕೊಡ್ತೀನಿ," ಎಂದಳು. ದನಿಯಲ್ಲಿ ಮೊದಲಿನ ಬಿರುಸಿರಲಿಲ್ಲ.

ತೂರಾನ್ ಕೈ ಚಾಚಿದಳು. "ಕೊಡಿ. ಅದು ನನ್ನದು. ಕೆಲಸಕ್ಕೆ ಬೇಕು."

"ಬುದ್ಧಿ ಇದೆಯೇನೇ ನಿನಗೆ? ಕಳಚಿದ ಕಪ್ಪನ್ನ ಮನೇಲಿ ಇಟ್ಕೊಂಡ್ರೆ ಸಾವು ಮತ್ತೆ ಬಾಗಿಲಿಗೆ ಬರುತ್ತೆ."

"ಬರಲಿ ಅತ್ತಿಗೆ," ಎಂದಳು ತೂರಾನ್. "ಹೋದ ಸಲ ಬಂದಾಗ ಕೂಗು ಕೇಳಿಸಿದ್ರೂ ನಾನು ಹೂ ಕೀಳ್ತಿದ್ದೆ. ಈ ಸಲ ನಿಂತು ನೋಡ್ತೀನಿ."

ಇಸ್ಮತ್ ಅವಳ ಮುಖವನ್ನೇ ನೋಡಿದಳು. ಆ ದಿನ ತೋಟದ ತುದಿಗೆ ತಮ್ಮನ ಕೂಗು ಕೇಳಿತ್ತೆಂದು ಅವಳಿಗೆ ಗೊತ್ತಾದದ್ದು ಆಗಲೇ ಇರಬೇಕು. ಚಾದರವನ್ನು ಕೊಟ್ಟಳು. ತೂರಾನ್ ಅದನ್ನು ಕೊಡವಿ, ಅಂಟಿದ ಎಸಳುಗಳನ್ನು ಗಿಡದ ಬುಡಕ್ಕೇ ಉದುರಿಸಿ, ನಾಲ್ಕು ಮಡಿಕೆ ಮಾಡಿದಳು. ಆಮೇಲೆ ಇಬ್ಬರೂ ಪನ್ನೀರಿನ ಹೂಜಿ ಹಿಡಿದು ಗೋರಿಯ ದಾರಿ ಹಿಡಿದರು.